ಮುಳ್ಳಿದ್ದ ಜಾಗ

ಫೋನು ಬಂದಾಗ ಗುರುಸಿದ್ದಪ್ಪ ಹಂಪಮ್ಮನ ತಳ್ಳುಗಾಡಿಯ ಮುಂದೆ ನಿಂತು ಬದನೆಕಾಯಿ ಆರಿಸುತ್ತಿದ್ದ. ಆರಿಸುತ್ತಿದ್ದ ಅನ್ನುವುದಕ್ಕಿಂತ ಬೇಡವೆನ್ನುತ್ತಿದ್ದ ಅನ್ನುವುದೇ ಸರಿ. ಒಂದೊಂದನ್ನೂ ತೊಟ್ಟು ಹಿಡಿದೆತ್ತಿ, ಬಿಸಿಲಿಗೆ ಒಡ್ಡಿ ತಿರುಗಿಸಿ, ಎಲ್ಲಾದರೂ ಸೂಜಿಮೊನೆಯಷ್ಟು ತೂತು ಕಂಡರೆ ಎಡಗಡೆ ಇಡುವುದು, ಕಾಣದಿದ್ದರೆ ಕಾಣದ್ದಕ್ಕೇ ಅನುಮಾನಪಟ್ಟು ಇನ್ನೊಮ್ಮೆ ತಿರುಗಿಸುವುದು. ಎಡಗಡೆಯ ಗುಡ್ಡೆ ಏರಿದಂತೆ ಹಂಪಮ್ಮನ ಮುಖ ಬಿಗಿಯಾಗುತ್ತಿತ್ತು. ದೇವದುರ್ಗದ ಕಡೆಯ ಹೆಂಗಸು, ಕಟ್ಟಡದ ಕೆಲಸಕ್ಕೆಂದು ಗಂಡನ ಜೊತೆ ಬಂದವಳು, ಸೊಂಟ ಹಿಡಿದ ಮೇಲೆ ಕಾಂಕ್ರೀಟಿನ ಬುಟ್ಟಿ ಬಿಟ್ಟು ಗಾಡಿ ಹಿಡಿದಿದ್ದಳು. “ಸಾಹೇಬ್ರ, ಮಗಗ ಹೆಣ್ ನೋಡಾಕ ಬಂದೋರೂ ಇಷ್ಟ್ ನೋಡಂಗಿಲ್ರಿ. ಬದ್ನಿಕಾಯಿ ಐತಿ ಅದು, ನಿಮ್ ಇಮಾನದ ಸಾಮಾನಲ್ಲ” ಅಂದಳು. “ಒಳಗ ಹುಳ ಇದ್ರ?” ಅಂದ ಗುರುಸಿದ್ದಪ್ಪ. “ಇದ್ರ ಇರ್ಲಿ ಬಿಡ್ರಿ. ನಿಮಗ ಹುಳ ಅಂದ್ರ ಭಾಳ ಪಿರೂತಿ ಅಂತ ಓಣಿಗೆಲ್ಲಾ ಗೊತ್ತೈತಿ” ಅಂದು ಅವಳು ನಗುವಷ್ಟರಲ್ಲಿ ಅಂಗಿಯ ಜೇಬಿನಲ್ಲಿ ಫೋನು ನಡುಗಿತು. ಗೆಳೆಯನ ಮಗಳು ಶರ್ವರಿ. “ಕಾಕಾ, ಬಂತ್ರಿ ನಮ್ ಹುಳದ ಪೇಪರ್! ಈಗಷ್ಟ ಬಂತು. ಹೆಸರೇನ್ ಇಟ್ಟೀವಿ ಹೇಳ್ರಿ ನೋಡೂಣು?” ಕಾಡಿನ ಹೆಸರು ಇಡ್ತೀನಿ ಅಂದಿದ್ದೆಯಲ್ಲ ಅಂದ. “ಸುಳ್ ಹೇಳಿದ್ದೆ. ನಿಮ್ದ ಇಟ್ಟೀವ್ರಿ. ಗುರುಸಿದ್ದಪ್ಪ, ಕೊನೀಗೊಂದು ‘ಐ’ ಹಚ್ಚೀವಿ, ಲ್ಯಾಟಿನ್‌ದಾಗ ಹಂಗ ಹಚ್ಚಬೇಕಂತ. ಇನ್ನ ನಿಮ್ ಹೆಸರು ಅಳಸಾಕ ಯಾರಿಂದಾನೂ ಆಗಂಗಿಲ್ಲ. ಇವತ್ತ ಬರ್ರಿ ಕಾಕಾ, ಸರ್ ಕರದಾರ.” ಅವನು ಏನು ಉತ್ತರ ಕೊಟ್ಟನೋ ಅವನಿಗೇ ನೆನಪುಳಿಯಲಿಲ್ಲ. ಫೋನು ಜೇಬಿಗಿಟ್ಟು ನೋಡಿದರೆ ಕೈಯೊಳಗಿನ ಬದನೆಕಾಯಿಗೆ ಹೆಬ್ಬೆರಳಿನ ಉಗುರು ಪೂರ್ತಿ ಇಳಿದಿತ್ತು. ಹಂಪಮ್ಮ ಅದನ್ನು ನೋಡಿ, ಅವನನ್ನು ನೋಡಿ, “ಅದನ್ನಂತೂ ಈಗ ತಗೊಳ್ಳಾಕ ಬೇಕ್ರಿ” ಅಂದಳು.

ಮನೆ ಅಂದರೆ ಬಾಲಾನಗರದಲ್ಲಿ, ಅವನು ದುಡಿದ ವಿಮಾನ ಕಾರ್ಖಾನೆಯ ಸೈರನ್ನು ಕೇಳುವಷ್ಟು ದೂರದಲ್ಲಿ, ಎರಡನೇ ಮಹಡಿಯ ಮೇಲೆ ಎರಡು ಕೋಣೆ. ಮೆಟ್ಟಿಲು ಹತ್ತುವಾಗ ತನ್ನ ಹೆಸರನ್ನು ಕೊನೆಯ ‘ಐ’ ಸಮೇತ ಬಾಯೊಳಗೇ ಹೇಳಿಕೊಂಡ. ಅದು ಯಾರೋ ಕರೆಯುತ್ತಿದ್ದ ಹಾಗೆ ಕೇಳಿತು. ಕೆಳಗೆ ಅಂಗಳದಲ್ಲಿ ನಿಂತು, ಮೇಲಿರುವವನು ಇಣುಕಲಿ ಎಂದು ಯಾರೋ ಎಳೆದು ಕರೆದ ಹಾಗೆ. ರೇಣುಕಾ ಸುದ್ದಿ ಕೇಳಿದವಳೇ ಸೌಟು ಹಿಡಿದುಕೊಂಡು ನಕ್ಕದ್ದೇ ನಕ್ಕದ್ದು. “ಅಂದ್ರ ಕಾಡಿನ್ಯಾಗ ಅದು ಹರದಾಡಿದ್ರ, ಅಕಾ ನೋಡ್ರಿ ಗುರುಸಿದ್ದಪ್ಪ ಹೊಂಟಾನ ಅಂತಾರೇನ್ರಿ? ಕಾಲಿಗೆ ಸಿಕ್ಕ ಸತ್ರ?” ನಗುತ್ತಲೇ ಗದಗಿನ ತಂಗಿಗೆ ಫೋನು ಹಚ್ಚಿದಳು. ಹೌದಽ ನಮ್ಮವ್ವ, ನಮ್ ಮನೀಯವರ ಹೆಸರ; ಇಲ್ಲಿ ತೆಲುಗಿನವರು ರೋಕಲಿಬಂಡ ಅಂತಾರ, ಸಣ್ಣಾಕಿದ್ದಾಗ ನಾವು ರೈಲ್ ಹುಳ ಅಂತಿದ್ವೆಲ್ಲ, ಮುಟ್ಟಿದ್ರ ಸುತ್ತಿಕೊಂಡು ಚಕ್ಲಿ ಆಗಿಬಿಡ್ತಿತ್ತು, ಅದ. ಕಳೆದ ಮಳೆಗಾಲದಲ್ಲಿ ಇದೇ ರೇಣುಕಾ ತನ್ನ ಉಪ್ಪಿನಕಾಯಿಯ ಜಾಡಿಯ ಪಕ್ಕ ಸ್ಪಿರಿಟ್ಟಿನ ಶೀಶೆ ಕಂಡು ಎರಡು ದಿನ ಮಾತು ಬಿಟ್ಟಿದ್ದಳು. ಅವನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬರೆಯುತ್ತಿರುವುದು ಹುಳದ ಯಾವ ಅಂಗ ಎಂದು ಶರ್ವರಿಯ ಬಾಯಿಂದ ಗೊತ್ತಾದ ಮೇಲಂತೂ, ಸೆರಗು ಬಾಯಿಗೆ ತುರುಕಿಕೊಂಡು, “ಈ ವಯಸ್ಸಿನ್ಯಾಗ ಹಗಲೆಲ್ಲಾ ಬಾಗಲಾ ಹಾಕ್ಕೊಂಡು ಹುಳದ ಅದನ್ನ ನೋಡ್ಕೋತ ಕೂಡ್ತೀರಲ್ಲರೀ, ಯಾರರ ಕೇಳಿದ್ರ ಏನ್ ಹೇಳ್ಲಿ ನಾನು” ಅಂದಿದ್ದಳು. ಈಗ ಅವಳ ದನಿಯಲ್ಲಿ ಒಂದು ಮೆರುಗು ಬಂದಿತ್ತು. ಅದನ್ನು ಅವನು ನಿವೃತ್ತನಾದ ಮೇಲೆ ಕೇಳಿರಲಿಲ್ಲ. ಅಂಗಿ ಬದಲಿಸಿ ಹೊರಟಾಗ ಬಾಗಿಲಿಗೆ ಬಂದು, “ನಾಂಪಲ್ಲಿಗೆ ಹೊಂಟೀರಿ, ಎಕ್ಸಿಬಿಷನ್ ನಡದೈತಿ. ನನಗೇನರ ತರ್ರಿ. ಹೆಸರುವಾಸಿ ಆಗೀರಿ, ಕೈ ಬೀಸ್ಕೊಂತ ಬರಬ್ಯಾಡ್ರಿ” ಅಂದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೇಳಿಬಿಡಬೇಕು ಅಂದುಕೊಂಡ. ಹೇಳಿಬಿಡಬೇಕು ಅಂತ ಇದಕ್ಕೆ ಮೊದಲೂ ಅಂದುಕೊಂಡಿದ್ದ. ಶೀಶೆ ಮರಳಿಸುವಾಗ ಅಂದುಕೊಂಡಿದ್ದ, ಶರ್ವರಿ ಧಾರವಾಡದಿಂದ ಪೇಡೆ ತಂದಾಗ ಅಂದುಕೊಂಡಿದ್ದ, ಪರದೇಶದ ಯಾರೋ ಪಂಡಿತ ಚಿತ್ರ ನೋಡಿ ಇದನ್ನು ಬರೆದವರು ಯಾರು ಎಂದು ಕೇಳಿದನಂತೆ, ಆ ಮಾತು ಹೇಳಲು ಅವಳು ಓಡಿ ಬಂದಾಗಲೂ ಅಂದುಕೊಂಡಿದ್ದ. ಪ್ರತಿ ಸಲವೂ ಮಾತು ಗಂಟಲಿಗೆ ಬರುವ ಹೊತ್ತಿಗೆ ಎದುರಿಗಿದ್ದವರ ಮುಖದಲ್ಲಿ ಸಂತೋಷ ಇರುತ್ತಿತ್ತು. ಸಂತೋಷದ ಮುಖದ ಮುಂದೆ ಏನನ್ನಾದರೂ ಇಡುವುದು ಹೇಗೆಂದು ಅವನಿಗೆ ತಿಳಿಯದು. ಕಾರ್ಖಾನೆಯಲ್ಲಿ ಎದುರಿಗಿರುತ್ತಿದ್ದದ್ದು ಬರೀ ಲೋಹ. ಜೀವಮಾನವೆಲ್ಲ ಅವನು ತಪಾಸಣೆ ವಿಭಾಗದಲ್ಲಿದ್ದವನು. ಕಾಳಿನಷ್ಟು ಸಣ್ಣ ಭಾಗಗಳನ್ನು ಭೂತಗಾಜಿನ ಕೆಳಗಿಟ್ಟು, ದೋಷ ಕಂಡಲ್ಲಿ ಅದರ ಚಿತ್ರ ಬರೆದು, ಕೆಂಪು ಚೀಟಿ ಕಟ್ಟಿ ಹಿಂದೆ ಕಳಿಸುವುದು ಕೆಲಸ. ಚಿತ್ರ ಬರೆಯುವುದನ್ನು ಯಾರೂ ಕಲಿಸಿದ್ದಲ್ಲ, ಕೈಗೇ ಬಂತು. ಗುರುಸಿದ್ದಪ್ಪನ ಚಿತ್ರ ನೋಡಿದರೆ ಭಾಗ ಕಡೆಯುವ ಲೇತಿನವರು ವಾದ ಮಾಡುತ್ತಿರಲಿಲ್ಲ. ಆಮೇಲೆ ಕ್ಯಾಮೆರಾ ಇರುವ ಯಂತ್ರ ಬಂತು. ಅದನ್ನು ನಡೆಸಲು ಬಂದ ಎಂಜಿನಿಯರು ಒಳ್ಳೆಯವನೇ, ಕುರ್ಚಿ ಕೊಟ್ಟು ಕೂರಿಸಿ, “ಅಂಕಲ್, ಇನ್ನು ನಿಮ್ಮ ಕಣ್ಣಿಗೆ ರೆಸ್ಟ್” ಅಂದ. ಕೊನೆಯ ವರ್ಷಗಳಲ್ಲಿ ಯಂತ್ರ ಬೇಡವೆಂದ ಭಾಗಗಳಿಗೆ ಚೀಟಿ ಕಟ್ಟುವುದಷ್ಟೇ ಅವನ ಕೆಲಸವಾಗಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಯಾರೋ, “ಗುರುಸಿದ್ದಪ್ಪಾರ, ನಿಮ್ ಮಿಷಿನ್ ಊಟಕ್ಕ ಬರಲಿಲ್ಲೇನ್ರಿ?” ಅಂದರೆ ಅವನೂ ನಗುತ್ತಿದ್ದ.

ಅಂಥವನ ಮನೆಗೆ ಶರ್ವರಿ ಬಂದಳು. ಲೇತ್ ಸೆಕ್ಷನ್ನಿನ ಹಳೆಯ ಗೆಳೆಯನ ಮಗಳು, ಹುಳಗಳ ಮೇಲೆ ಸಂಶೋಧನೆ ಮಾಡುತ್ತ ಮೆಹದಿಪಟ್ಟಣಂನ ಹಾಸ್ಟೆಲ್ಲಿನಲ್ಲಿರುವವಳು. ನಲ್ಲಮಲ ಕಾಡಿನ ಒಂದು ಹಳ್ಳದ ದಂಡೆಯಲ್ಲಿ, ಕೊಳೆತ ಎಲೆಯ ಕೆಳಗೆ, ಯಾವ ಪುಸ್ತಕದಲ್ಲೂ ಇಲ್ಲದ ಬಣ್ಣದ ಸಹಸ್ರಪದಿ ಸಿಕ್ಕಿತ್ತಂತೆ. ಸಿಕ್ಕಿದ್ದರಲ್ಲಿ ಬೆಳೆದ ಗಂಡು ಒಂದೇ. “ಬಣ್ಣ ನೋಡಿ ಹೊಸಾದು ಅಂದ್ರ ಯಾರೂ ಒಪ್ಪಂಗಿಲ್ಲ ಕಾಕಾ” ಎಂದು ಅವಳು ಬಾಲಾನಗರದ ಮನೆಯ ಊಟದ ಮೇಜಿನ ಮೇಲೆ ಮೊಣಕೈಯೂರಿ ವಿವರಿಸಿದ್ದಳು. ಗಂಡಿನ ಏಳನೇ ಉಂಗುರದಲ್ಲಿ ಕಾಲಿರಬೇಕಾದ ಕಡೆ ಎರಡು ಕೊಂಡಿಗಳಿರುತ್ತವೆ. ಅವು ನಡೆಯಲಿಕ್ಕಲ್ಲ, ಹೆಣ್ಣನ್ನು ಕೂಡಲಿಕ್ಕೆ. ಒಂದೊಂದು ಜಾತಿಗೆ ಒಂದೊಂದು ಆಕಾರದ ಕೊಂಡಿ, ಬೀಗಕ್ಕೆ ಕೀಲಿಯ ಹಾಗೆ. ಅದರ ಚಿತ್ರ ಬೇಕು. ಅವರ ಸಂಸ್ಥೆಯ ಕ್ಯಾಮೆರಾ ರಿಪೇರಿಗೆ ಹೋಗಿ ತಿಂಗಳಾಗಿದೆ, ನಿಮ್ಮ ಹತ್ತಿರ ಕಾರ್ಖಾನೆಯ ಹರಾಜಿನಲ್ಲಿ ತೊಗೊಂಡ ಸೂಕ್ಷ್ಮದರ್ಶಕ ಇದೆಯಲ್ಲ ಎಂದು ಕೇಳಿದಾಗ ಗುರುಸಿದ್ದಪ್ಪ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಿದ್ದ. ಯಂತ್ರ ಕೈಕೊಟ್ಟು ಕಣ್ಣನ್ನು ಕರೆದಿದ್ದರು. ಶ್ರಾವಣದ ಮಳೆ ಸಣ್ಣಗೆ ಹಿಡಿದಿತ್ತು. ಸ್ಪಿರಿಟ್ಟಿನ ಬಟ್ಟಲಲ್ಲಿ ಎರಡು ಕೊಂಡಿಗಳು, ಜೇನಿನ ಬಣ್ಣ, ಒಳಗಿಂದ ದೀಪ ಇಟ್ಟ ಹಾಗೆ. ಇಷ್ಟು ಚೆನ್ನಾದ ಭಾಗವನ್ನು ಯಾವ ಲೇತೂ ಮಾಡಿದ್ದನ್ನು ಅವನು ಕಂಡಿರಲಿಲ್ಲ. ಮೊದಲು ಎಡದ್ದನ್ನು ಬರೆದ. ಡೊಂಕು, ಮಡಿಕೆ, ನಡುವೆ ಒಂದು ಸಣ್ಣ ಕುಳಿ, ಎಲ್ಲ ಬಂತು. ಆಮೇಲೆ ಬಲದ್ದಕ್ಕೆ ಹೊರಳಿದ. ಬಲದ್ದರಲ್ಲಿ ಕುಳಿ ಇರಬೇಕಾದಲ್ಲಿ ಒಂದು ಮುಳ್ಳಿತ್ತು.

ಲೋಹ ಕತ್ತರಿಸಿದ ಅಂಚಿನಲ್ಲಿ ಒಮ್ಮೊಮ್ಮೆ ಒಂದು ಸಣ್ಣ ಮುಳ್ಳು ಉಳಿದುಬಿಡುತ್ತದೆ. ಕಾರ್ಖಾನೆಯಲ್ಲಿ ಅದಕ್ಕೆ ಬರ್ ಅನ್ನುತ್ತಾರೆ. ಎರಡು ಮಗ್ಗುಲೂ ಒಂದೇ ಇರಬೇಕಾದ ಭಾಗದಲ್ಲಿ ಒಂದು ಮಗ್ಗುಲಿಗೆ ಮಾತ್ರ ಏನಾದರೂ ಹೆಚ್ಚು ಕಂಡರೆ ಅದು ಬರ್. ಸೂಜಿಯಿಂದ ಮೀಟಿ ನೋಡು, ಹೋದರೆ ಭಾಗ ಒಳ್ಳೆಯದು, ಹೋಗದಿದ್ದರೆ ಚೀಟಿ ಕಟ್ಟು. ಇದನ್ನು ಅವನು ಎಷ್ಟು ಸಾವಿರ ಸಲ ಮಾಡಿದ್ದನೆಂದರೆ ಈಗಲೂ ಯೋಚನೆ ಬರುವ ಮೊದಲೇ ಕೈ ಹೋಗಿತ್ತು. ಸೂಜಿಯ ತುದಿ ತಾಕಿತು. ಮುಳ್ಳು ಹೋಯಿತು. ಹೋದದ್ದು ಸ್ಪಿರಿಟ್ಟಿನಲ್ಲಿ ನಿಧಾನ ತಿರುಗುತ್ತ ಬೆಳಕಿನ ವೃತ್ತವನ್ನು ದಾಟುವಾಗ ಅದರ ಬುಡ ಇವನ ಕಡೆಗೆ ಹೊರಳಿತು. ಬುಡದಲ್ಲಿ ಮುರಿದ ಹೊಳಪಿತ್ತು, ಅಂಟಿದ ಕಸದ ಬುಡದಲ್ಲಿ ಇರದ ಹೊಳಪು. ಮುಂದಿನ ಗಳಿಗೆಗೆ ಅದು ವೃತ್ತದ ಹೊರಗಿತ್ತು. ಹುಡುಕಿದ. ಬಟ್ಟಲನ್ನು ಅಂಗುಲಂಗುಲ ಹುಡುಕಿದ. ಕಸ ಸಿಕ್ಕಿತು, ನೂಲಿನ ಎಳೆ ಸಿಕ್ಕಿತು, ಅದು ಸಿಗಲಿಲ್ಲ. ಮತ್ತೆ ಕೊಂಡಿಗೆ ಕಣ್ಣಿಟ್ಟಾಗ ಬಲದ್ದರಲ್ಲೂ ಒಂದು ಕುಳಿ ಇತ್ತು, ಹೆಚ್ಚುಕಡಿಮೆ ಎಡದ್ದರ ಹಾಗೆಯೇ. ಆಗಲೂ ಒಳಗೊಬ್ಬ, ಆ ಹಳೆಯ ತಪಾಸಣೆಯವನು, ನೋಡು ಎರಡೂ ಹೊಂದಿದವು ಎಂದು ನಿಟ್ಟುಸಿರು ಬಿಟ್ಟಿದ್ದ. ಕಾರ್ಖಾನೆಯ ರೂಢಿಯಂತೆ ಎಡಭಾಗದ ಚಿತ್ರವನ್ನೇ ಟ್ರೇಸಿಂಗ್ ಕಾಗದದ ಮೇಲೆ ಹೊರಳಿಸಿ ಬಲಭಾಗ ಮಾಡಿದ. ಚಿತ್ರ ಬಹಳ ಚಂದ ಬಂತು. ಕಣ್ಣಿನ ಪೊರೆ ತೆಗೆಸಿದಾಗಿನಿಂದ ಬೆಳಕಿನಲ್ಲಿ ಇಲ್ಲದ ಚೂರುಗಳು ತೇಲುತ್ತವೆ, ಇದೂ ಅಂಥದೇ ಇರಬೇಕು ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡದ್ದನ್ನು ನಂಬಿದ ದಿನಗಳೂ ಇದ್ದವು. ಒಂದು ಮುಳ್ಳು, ಅದೂ ಕಣ್ಣಿಗೆ ಕಾಣದ್ದು. “ಮಾಮಾ, ನಾಂಪಲ್ಲಿ ವಚ್ಚಿಂದಿ, ದಿಗಂಡಿ” ಎಂದು ಕಂಡಕ್ಟರು ಭುಜ ತಟ್ಟಿ ಇಳಿಯಲು ಹೇಳಿದ.

ಸಂಸ್ಥೆಯ ಗೇಟಿನಲ್ಲಿ ಕಾವಲುಗಾರ ಯಾರು ಬೇಕು ಅಂದ, ಕೊಡೆಯನ್ನು ಇಲ್ಲೇ ಬಿಡು ಅಂದ, ಫೈಲು ತಂದಿರುವ ಗುಮಾಸ್ತನೋ ಎಂದು ವಿಚಾರಿಸಿದ. ಗುರುಸಿದ್ದಪ್ಪನಿಗೆ ಒಂದು ಗಳಿಗೆ, ತನ್ನ ಹೆಸರಿನ ಹುಳ ಒಳಗಿದೆ ಎಂದು ಹೇಳಬೇಕೆನಿಸಿ, ಮೈಯೆಲ್ಲ ನಾಚಿಕೆಯಾಯಿತು. ಶರ್ವರಿ ಮೆಟ್ಟಿಲಿಳಿದು ಓಡಿ ಬಂದು, ಅಲ್ಲೇ ಎಲ್ಲರೆದುರು ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಒಳಗೆ ಅವಳ ಗೈಡು, ದಪ್ಪ ಕನ್ನಡಕದ ತೆಲುಗಿನ ಸಾಹೇಬರು, ಎದ್ದು ನಿಂತು ಎರಡೂ ಕೈಯಿಂದ ಕೈ ಕುಲುಕಿದರು. ಉಸ್ಮಾನಿಯಾ ಬಿಸ್ಕತ್ತು, ಚಹಾ ಬಂದವು. ಸಾಹೇಬರು ಹಿಂದಿಯಲ್ಲಿ, ಈ ಹುಡುಗಿಯ ಇಡೀ ಪ್ರಬಂಧ ಈ ಒಂದು ಪೇಪರಿನ ಮೇಲೆ ನಿಂತಿದೆ, ಈ ಪೇಪರ್ ನಿಮ್ಮ ಒಂದು ಚಿತ್ರದ ಮೇಲೆ ನಿಂತಿದೆ ಎಂದರು. ಇವನು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದ್ದ. ಅದು ಮುರಿದು ಕೆಳಗೆ ಹೋಯಿತು. ಶರ್ವರಿ ಕಂಪ್ಯೂಟರಿನಲ್ಲಿ ಚಿತ್ರವನ್ನು ಪರದೆಯ ತುಂಬ ಹಿಗ್ಗಿಸಿ ಬೆರಳಿಟ್ಟು ತೋರಿಸಿದಳು. “ಇದರ ಹತ್ತಿರದ ಜಾತಿ ಒಂದೈತ್ರಿ ಕಾಕಾ. ನೂರು ವರ್ಷದ ಹಿಂದ ಒಬ್ಬ ಇಂಗ್ಲಿಷ್ ಸಾಹೇಬ ಕೃಷ್ಣಾ ನದಿ ಆಚೆ ದಂಡೀ ಗುಡ್ಡದಾಗ ಹಿಡದು ಬರದದ್ದು. ಎಲ್ಲಾ ಒಂದ ನಮೂನಿ. ಆದ್ರ ಅದಕ್ಕ ಇಲ್ಲಿ, ಈ ಜಾಗದಾಗ, ಒಂದು ಮುಳ್ಳೈತಿ. ನಮ್ದಕ್ಕ ಮುಳ್ಳಿಲ್ಲ, ಮುಳ್ಳಿನ ಜಾಗದಾಗ ಕುಳಿ ಐತಿ. ಎರಡೂ ಕಡೆ. ಇದ ನೋಡ್ರಿ ನಮ್ ಹುಳದ ಗುರ್ತು. ನೀವು ಈ ಕುಳಿ ಇಷ್ಟ್ ಸ್ವಚ್ಛ ಬರೀಲಿಲ್ಲಂದ್ರ ನಮಗ ಕಾಣತಿರಲೇ ಇಲ್ಲ.”

ಅಷ್ಟು ತಿಂಗಳು ಅವನು ಹೊತ್ತದ್ದು ಒಂದು ಮುರಿದ ಮುಳ್ಳನ್ನು. ಪರರ ವಸ್ತುವಿಗೆ ತನ್ನ ಕೈಯಿಂದ ಸಣ್ಣ ಗಾಯ ಆಯಿತಲ್ಲ ಎಂಬಷ್ಟರದ್ದೇ ಆ ಭಾರ. ಈಗ ಅದು ಪರದೆಯಗಲ ನಿಂತಿತ್ತು. ತನ್ನ ಸೂಜಿ ಮಾಡಿದ ಗಾಯಕ್ಕೆ ಹೆಸರಿಟ್ಟಿದ್ದರು, ಅದೂ ತನ್ನದೇ ಹೆಸರು. ಎಡದ್ದರ ಕುಳಿಯೂ ಹುಟ್ಟಿನಿಂದ ಬಂದದ್ದಲ್ಲ ಎಂದು ಅವನಿಗೆ ಆ ಕ್ಷಣದಲ್ಲಿ ಹೊಳೆಯಿತು. ಕಾಡಿನಲ್ಲೋ, ಶೀಶೆಯಲ್ಲೋ, ಇವನಿಗಿಂತ ಮೊದಲೇ ಎಲ್ಲೋ ಅದರ ಮುಳ್ಳೂ ಮುರಿದಿತ್ತು. ಸಾಹೇಬರು ಕಪಾಟಿನ ಬೀಗ ತೆಗೆದು ಒಂದು ಪುಟ್ಟ ಶೀಶೆಯನ್ನು ತಂದು ಅವನ ಅಂಗೈಯ ಮೇಲೆ ನಿಲ್ಲಿಸಿದರು. ಒಳಗೆ ಸುತ್ತಿಕೊಂಡ ಹುಳ, ಹೊರಗೆ ಕೆಂಪು ಚೀಟಿ. ಒಂದು ಜಾತಿಗೆ ಇನ್ನು ಮೇಲೆ ಇದೇ ಸಾಕ್ಷಿ ಎಂದು ಆರಿಸಿಟ್ಟ ಹುಳಕ್ಕೆ ಮಾತ್ರ ಕೆಂಪು ಚೀಟಿ ಅಂಟಿಸುತ್ತಾರೆ ಎಂದು ಶರ್ವರಿ ಹೇಳುತ್ತಿದ್ದಳು. ಗುರುಸಿದ್ದಪ್ಪ ಚೀಟಿಯನ್ನು ಓದಿದ. ಆಯುಷ್ಯದಲ್ಲಿ ಅವನು ಕಟ್ಟಿದ ಕೆಂಪು ಚೀಟಿಗಳಿಗೆ ಲೆಕ್ಕವಿರಲಿಲ್ಲ, ಯಾವುದರ ಮೇಲೂ ತನ್ನ ಹೆಸರನ್ನು ಕಂಡಿರಲಿಲ್ಲ. “ಓದಿದ್ದ ಓದಾಕತ್ತೀರಲ್ಲರೀ” ಎಂದು ಶರ್ವರಿ ಮೆಲ್ಲಗೆ ಶೀಶೆಯನ್ನು ವಾಪಸು ತೊಗೊಂಡಳು. ಸಂತೋಷಕ್ಕೆ ಹಾಗೆ ಎಂದು ಸಾಹೇಬರು ಫೋಟೋ ತೆಗೆದರು.

ಹೊರಗೆ ಬಂದಾಗ ಎಕ್ಸಿಬಿಷನ್ ಮೈದಾನದ ಗೇಟು ತೆರೆದಿತ್ತು. “ಇಷ್ಟ್ ದೂರ ಬಂದೀರಿ, ಮಿರ್ಚಿ ತಿನ್ನದ ಬಿಡಂಗಿಲ್ಲ” ಎಂದು ಶರ್ವರಿ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು. ಕಾಶ್ಮೀರದ ಶಾಲು, ಲಕ್ನೋದ ಕುರ್ತಾ, ಹಪ್ಪಳ, ಬೂಟು, ಎಲ್ಲದರ ಮೇಲೆ ಧೂಳು. ಬಳೆಯ ಅಂಗಡಿಗಳ ಮುಂದೆ ಹಾಯುವಾಗ ಅವನಿಗೆ ಏನೋ ಮರೆತ ಹಾಗಾಯಿತು, ಏನೆಂದು ನೆನಪಾಗಲಿಲ್ಲ. ಧ್ವನಿವರ್ಧಕ ಒಮ್ಮೆ ತೆಲುಗಿನಲ್ಲಿ ಒಮ್ಮೆ ಉರ್ದುವಿನಲ್ಲಿ, ನೀಲಿ ಅಂಗಿಯ ಒಂದು ಮಗು ಸಿಕ್ಕಿದೆ, ತನ್ನ ಹೆಸರು ಹೇಳಲು ಬಾರದು, ಯಾರದೋ ಅವರು ಬಂದು ಗುರುತು ಹಿಡಿಯಿರಿ ಎನ್ನುತ್ತಿತ್ತು. ಶರ್ವರಿ ಕಾಗದದ ತಟ್ಟೆ ಹಿಡಿದು ಮಾತಾಡುತ್ತಲೇ ಇದ್ದಳು. ಮುಂದಿನ ತಿಂಗಳು ವೈವಾ, ಪ್ರಬಂಧದ ಮೌಖಿಕ ಪರೀಕ್ಷೆ, ಅದು ಮುಗಿದರೆ ಭುವನೇಶ್ವರದಲ್ಲಿ ಒಂದು ಕೆಲಸ ಇದೆ, ಅಪ್ಪನನ್ನು ಆಗ ಜೊತೆಗೆ ಕರೆದುಕೊಂಡು ಹೋಗುತ್ತೇನೆ. ಈಗಲೂ ಅವಳ ಮುಖದಲ್ಲಿ ಸಂತೋಷವಿತ್ತು. ಈಗ ಹೇಳದಿದ್ದರೆ ಇನ್ನು ಹೇಳುವ ದಿನವೇ ಇಲ್ಲ ಎಂದು ಅವನಿಗನ್ನಿಸಿತು.

“ಶರ್ವರಿ, ಅದು ಕುಳಿ ಅಲ್ಲವ್ವಾ.”

“ಏನ್ರಿ?” ದೊಡ್ಡ ಚಕ್ರದ ಗದ್ದಲಕ್ಕೆ ಅವಳು ಕಿವಿ ಹತ್ತಿರ ತಂದಳು.

“ಕುಳಿ ಅಲ್ಲ ಅದು. ಬಲಗಡೆ ಮುಳ್ಳಿತ್ತು. ನಾ ಮುರದೆ.”

ಅವಳು ಮೊದಲು ನಕ್ಕಳು. “ಏನ್ ಚ್ಯಾಷ್ಟಿ ಮಾಡ್ತೀರಿ ಕಾಕಾ. ನೀವು ಕೊಟ್ಟ ಮ್ಯಾಲೆ ನಾನೂ ನೋಡೀನಿ, ಸರ್ ನೋಡ್ಯಾರ, ಕ್ಯಾಮೆರಾ ಬಂದ ಮ್ಯಾಲೆ ಫೋಟೋನೂ ತಗದೀವಿ. ಮುಳ್ಳಿಲ್ಲ.”

“ನೀವು ನೋಡೂದಕ್ಕಿಂತ ಮೊದಲ ಮುರದಿದ್ದೆ. ಬರ್ ಅಂತ ತಿಳದೆ. ಎಡಗಡೆ ಇರಲಿಲ್ಲ, ಬಲಗಡೆ ಇತ್ತು. ಕಸ ಅಂತ ತಿಳದು ಸೂಜೀಲೆ ಮೀಟಿದೆ. ಆಮ್ಯಾಲೆ ಎಡಗಡೇದನ್ನ ಹೊರಳಿಸಿ ಬರದೆ.”

ಶರ್ವರಿಯ ಕೈಯಲ್ಲಿ ಅರ್ಧ ಕಚ್ಚಿದ ಮಿರ್ಚಿ ಹಾಗೇ ಇತ್ತು. ಅವಳು ಅದನ್ನು ತಟ್ಟೆಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಕರವಸ್ತ್ರಕ್ಕೆ ಒರೆಸಿಕೊಂಡಳು. ಜನ ಅವರನ್ನು ತಾಗಿಸಿಕೊಂಡು ಹೋಗುತ್ತಿದ್ದರು. “ಹೆಂಗಿತ್ತು?” ಅಂದಳು. ಅವಳ ದನಿ ಬೇರೆಯಾಗಿತ್ತು, ಪರೀಕ್ಷೆಯ ಕೋಣೆಯೊಳಗಿಂದ ಬಂದ ಹಾಗೆ. ಇವನ ಹತ್ತಿರ ಕಾಗದವಿರಲಿಲ್ಲ. ಜೇಬಿನ ಪೆನ್ನು ತೆಗೆದು ಎಡ ಅಂಗೈಯ ಮೇಲೆ ಬರೆಯತೊಡಗಿದ. ಕೊಂಡಿಯ ಡೊಂಕು ಬಂತು, ಮಡಿಕೆ ಬಂತು, ಹೆಬ್ಬೆರಳಿನ ಬುಡದ ಉಬ್ಬಿನ ಮೇಲೆ ಮುಳ್ಳು ಬಂತು. ನಡುಗದೆ ಬಂತು. ಶ್ರಾವಣದಿಂದ ಕೈ ಒಳಗೇ ಹಿಡಿದುಕೊಂಡಿದ್ದ ಗೆರೆ ಅದು, ಒಂದೇ ಏಟಿಗೆ ಇಳಿಯಿತು. ಎಷ್ಟು ಸರಿಯಾಗಿ ಬಂತೆಂದರೆ ಅವನಿಗೆ ಒಂದು ಕ್ಷಣ ಹಿಗ್ಗಾಯಿತು. ಆ ಹಿಗ್ಗಿನಲ್ಲೇ ತಲೆಯೆತ್ತಿ ಅವಳನ್ನು ನೋಡಿದ. ಅವಳು ಅವನ ಬೆರಳುಗಳನ್ನು ಹಿಡಿದು ಅಂಗೈಯನ್ನು ಬೆಳಕಿಗೆ ತಿರುಗಿಸಿ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು.

“ಇದರ ಬುಡದಾಗ,” ಅಂದಳು, “ಒಳಮಗ್ಗಲಿಗೆ, ಇನ್ನೊಂದು ಸಣ್ಣ ಕವಲಿತ್ತೇನ್ರಿ? ಮ್ಯಾಲಕ್ಕ ಬಾಗಿದ್ದು?”

ಇತ್ತು. ಅದನ್ನು ಅವನು ಬರೆದಿರಲಿಲ್ಲ, ಪೆನ್ನಿನ ಮೊನೆ ದಪ್ಪವಾದ್ದರಿಂದ ಬಿಟ್ಟಿದ್ದ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಆ ಮುಳ್ಳನ್ನು ಲೋಕದಲ್ಲಿ ಅವನೊಬ್ಬನೇ ನೋಡಿದ್ದ. ಇಲ್ಲ, ಇನ್ನೊಬ್ಬ ನೋಡಿದ್ದ, ನೂರು ವರ್ಷದ ಹಿಂದೆ. ಆ ಇಂಗ್ಲಿಷ್ ಸಾಹೇಬ ಬರೆದದ್ದನ್ನು ಇವಳು ಓದಿದ್ದಳು. ಅಂದರೆ ಹುಳ ಹೊಸದಲ್ಲ, ಆ ಹಳೆಯ ಜಾತಿಯದೇ. “ಇತ್ತು” ಅಂದ ಗುರುಸಿದ್ದಪ್ಪ. ಕಣ್ಣಿನ ದೋಷವಲ್ಲ ಎಂದು ಆಗ ತಿಳಿಯಿತು. ಕಣ್ಣು ಸರಿಯಾಗಿಯೇ ಇತ್ತು. ಅವಳು ಕೈ ಬಿಟ್ಟಳು.

ಇಬ್ಬರೂ ಬಸ್ ಸ್ಟಾಪಿಗೆ ಬಂದರು. ತಪ್ಪಾಗಿದೆ ಅಂತ ಬರೆದು ಹಾಕಿದರೆ ಆಗುವುದಿಲ್ಲವೇ ಎಂದು ಅವನೇ ಕೇಳಿದ. “ಏನಂತ ಬರೀಲಿ ಕಾಕಾ? ಹುಳ ತಗದು ನೋಡಿದ್ರ ಪೇಪರ್ ಹೇಳಿದಂಗ ಐತಿ, ಚಿತ್ರ ಇದ್ದಂಗ ಐತಿ. ಮುರದದ್ದು ಇರಬಹುದು ಅಂತ ನಾನೂ ಒಮ್ಮೆ ಅಂದಿದ್ದೆ. ಎರಡೂ ಕಡೆ ಒಂದ ಥರ ಹೆಂಗ ಮುರೀತೈತಿ ಅಂದ್ರು ಸರ್.” ಇನ್ನೊಂದು ಗಂಡು ಸಿಕ್ಕರೆ ಅಂದ. “ಎರಡು ಮಳಿಗಾಲ ಹುಡುಕೀನಿ. ಸಿಗಲಿ ಅಂತಿದ್ದೆ. ಇನ್ನ ಸಿಗಬಾರದು ಅಂತ ಹುಡುಕಬೇಕೇನೋ.” ಅವಳು ಅಳುತ್ತಿರಲಿಲ್ಲ. ಬೈದಿದ್ದರೆ ನಿಂತು ಕೇಳಬಹುದಿತ್ತು. ಮೆಹದಿಪಟ್ಟಣಂ ಬಸ್ಸು ತಿರುವಿನಲ್ಲಿ ಕಂಡಾಗ ಬ್ಯಾಗಿನ ಪಟ್ಟಿಯನ್ನು ಭುಜಕ್ಕೆ ಏರಿಸಿಕೊಳ್ಳುತ್ತ, ನೆಲ ನೋಡಿಕೊಂಡು, “ಹೇಳೂದಿದ್ರ ಅವತ್ತ ಹೇಳಬೇಕಿತ್ರಿ. ಇಲ್ಲಂದ್ರ ಇವತ್ತೂ ಹೇಳಬಾರದಿತ್ತು” ಅಂದಳು. ಹತ್ತುವಾಗ ತಿರುಗಿ, ರೂಢಿಯಿಂದಲೋ ಏನೋ, “ಕಾಕೂಗ ನಮಸ್ಕಾರ ಹೇಳ್ರಿ. ಕೈ ತೊಳ್ಕೊಳ್ರಿ ಮನೀಗೆ ಹೋಗೂದ್ರಾಗ” ಅಂದಳು. ಬಸ್ಸಿನ ಕಿಟಕಿಯಲ್ಲಿ ಅವಳ ಮುಖ ಕಂಡಿತು. ಬೆಳಿಗ್ಗೆಯವರೆಗೆ ಆ ಭಾರ ಅವನೊಬ್ಬನದೇ ಆಗಿತ್ತು. ಇಳಿಸಿಬಿಡಬೇಕು, ಇಳಿಸಿಬಿಡಬೇಕು ಎಂದು ಇಷ್ಟು ದಿನ ಹಂಬಲಿಸಿದ್ದನಲ್ಲ, ಇಳಿಸುವುದೆಂದರೆ ಇನ್ನೊಬ್ಬರ ತಲೆಯ ಮೇಲೆ ಇಡುವುದು ಎಂದು ಯಾಕೆ ಹೊಳೆಯಲಿಲ್ಲ? ಅದೂ ಅರ್ಧ ಹಂಚಿಕೆಯಾಗಲಿಲ್ಲ. ಅವಳ ತಲೆಯ ಮೇಲೆ ಪೂರ್ತಿ ಹೋಯಿತು, ಇವನ ಮೇಲೂ ಪೂರ್ತಿ ಉಳಿಯಿತು. ಬಾಲಾನಗರದ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಬಲಗೈಯಿಂದ ಕಂಬಿ ಹಿಡಿದು, ಎಡಗೈ ಮುಷ್ಟಿ ಬಿಗಿಹಿಡಿದು ನಿಂತ.

ಮೆಟ್ಟಿಲಲ್ಲೇ ರವೆಯ ಸಿಹಿ ಶಿರ್ಯಾದ ತುಪ್ಪದ ವಾಸನೆ ಬಂತು. ರೇಣುಕಾ ಒಳ್ಳೆಯ ಸೀರೆ ಉಟ್ಟಿದ್ದಳು. ಸಾಹೇಬರು ತೆಗೆದ ಫೋಟೋ, ಪರದೆಯ ಮೇಲಿನ ಚಿತ್ರ, ಎಲ್ಲವನ್ನೂ ಶರ್ವರಿ ಮಧ್ಯಾಹ್ನವೇ ಫೋನಿಗೆ ಕಳಿಸಿದ್ದಳಂತೆ, ಕೆಳಗಿನ ಮನೆಯವರು, ಎದುರು ಮನೆಯವರು, ಗದಗಿನ ತಂಗಿಯ ಗಂಡ, ಎಲ್ಲರಿಗೂ ತೋರಿಸಿಯಾಗಿತ್ತು. “ಹಂಪಮ್ಮಗೂ ತೋರಿಸಿದೆ. ಬದ್ನಿಕಾಯಾಗಿನ ಹುಳಕ್ಕೂ ಸಾಹೇಬ್ರ ಹೆಸರ ಇಡ್ರಿ ಅಂದ್ಲು ಹಲ್ಕಟ್.” ತಟ್ಟೆ ಮುಂದಿಟ್ಟಳು. ಇವನು ಬಲಗೈಯಿಂದ ತಿನ್ನತೊಡಗಿದ, ಎಡಗೈ ತೊಡೆಯ ಮೇಲೆ ಮುಚ್ಚಿಕೊಂಡೇ ಇತ್ತು. ಅವಳ ಕಣ್ಣು ಅದರ ಮೇಲೆ ಬಿತ್ತು. ಮುಖ ಅರಳಿತು. “ಏನ್ ಮುಚ್ಚಿಟ್ಟೀರಿ ಮುಷ್ಟ್ಯಾಗ? ತಂದೀರಿ ಹೌದಿಲ್ಲೋ? ಬಳಿ ಅಂತೂ ಇಷ್ಟರಾಗ ಹಿಡಿಸಂಗಿಲ್ಲ. ಓಲೇನ?” ಅವನಿಗೆ ಆಗ ನೆನಪಾಯಿತು, ಬಳೆಯ ಅಂಗಡಿಯ ಮುಂದೆ ಮರೆತದ್ದು. ಅವಳು ನೆಲಕ್ಕೆ ಕೂತು ಅವನ ಮುಷ್ಟಿಯನ್ನು ಮಡಿಲಿಗೆಳೆದುಕೊಂಡು, ನಗುತ್ತ, ಮಕ್ಕಳ ಕೈ ಬಿಡಿಸುವ ಹಾಗೆ ಒಂದೊಂದೇ ಬೆರಳು ಬಿಡಿಸಿದಳು. ಅವನು ತಡೆಯಲಿಲ್ಲ. ಬೆವರಿಗೆ ಶಾಯಿ ಹಬ್ಬಿತ್ತಾದರೂ ಕೊಂಡಿ ಕಾಣುತ್ತಿತ್ತು, ಮುಳ್ಳೂ ಕಾಣುತ್ತಿತ್ತು.

“ಅಯ್ಯ, ಇದ್ಯಾ? ನಿಮ್ ಹುಳದ್ದ!” ನಿರಾಸೆಯನ್ನು ಅವಳು ಕೂಡಲೇ ನುಂಗಿಕೊಂಡದ್ದು ಅವನಿಗೆ ಕಂಡಿತು. ಫೋನು ತಂದು ಅವನ ಅಂಗೈಯ ಪಕ್ಕ ಹಿಡಿದು, ಅದನ್ನೊಮ್ಮೆ ಇದನ್ನೊಮ್ಮೆ ನೋಡಿದಳು. ಗಂಡನ ಕೆಲಸವನ್ನು ಈಗಷ್ಟೇ ಗೌರವದಿಂದ ನೋಡಲು ಕಲಿತವಳ ಶ್ರದ್ಧೆಯಿಂದ ನೋಡಿದಳು. “ಇಲ್ನೋಡ್ರಿ, ಪೇಪರ್‌ದಾಗ ಹಿಂಗ ಇಲ್ಲ. ಇಲ್ಲೊಂದ್ ಚೂರು ಮಸಿ ಜಾಸ್ತಿ ಹತ್ತೇತಿ.” ಸೆರಗಿನ ತುದಿಯನ್ನು ಲೋಟದ ನೀರಿಗೆ ಅದ್ದಿದಳು. ಅವನು ಬಾಯಿ ತೆರೆದ. ಬಾಯಲ್ಲಿ ಶಿರ್ಯಾ ಇತ್ತು. ಅವಳು ಅವನ ಬೆರಳುಗಳನ್ನು ಬಿಗಿಯಾಗಿ ಹಿಡಿದು, ನಾಲಗೆಯ ತುದಿ ಹಲ್ಲಿನ ನಡುವೆ ಇಟ್ಟುಕೊಂಡು, ಸುತ್ತಲ ಗೆರೆ ಕೆಡದ ಹಾಗೆ ಆ ಒಂದು ಮುಳ್ಳನ್ನಷ್ಟೇ ಮೆಲ್ಲಗೆ ಒರೆಸಿ ತೆಗೆದಳು. ತೆಗೆದು, ಮತ್ತೊಮ್ಮೆ ಫೋನಿನ ಜೊತೆ ಹೋಲಿಸಿ ನೋಡಿದಳು.

“ಹಾಂ,” ಅಂದಳು, “ಈಗ ಹೊಂದಿತು ನೋಡ್ರಿ.”